474 ಅಂದ್ರೆ ನಾನೂರ ಎಪ್ಪತ್ತನಾಲ್ಕಲ್ಲ!

ಕರೆಂಟ್ ಹೋದಾಗ ನಮ್ಮ ಅಡುಗೆಮನೆಗೆ ಆಸರೆ ಒಂದು ಹಳೇ ಎಮರ್ಜೆನ್ಸಿ ಲ್ಯಾಂಪ್. ಈಚೆಗೆ ಇಡೀ ರಾತ್ರಿ ಚಾರ್ಜ್‌ಗೆ ಹಾಕಿದರೂ ಹತ್ತೇ ನಿಮಿಷಕ್ಕೆ ಮಂಕಾಗುತ್ತಿತ್ತು. ಬ್ಯಾಟರಿ ಬದಲಿಸಿದ ಮೇಲೂ ಅದೇ ಕಥೆ. "ಇಂಜಿನಿಯರ್ ಅಲ್ವೇನೋ, ನೀನೇ ನೋಡು" ಅಂದರು ಅಮ್ಮ. ದಿನವಿಡೀ ಕೋಡ್ ಬರೆಯುವ ನಾನು ಸೋಲ್ಡರಿಂಗ್ ಐರನ್ ಮುಟ್ಟಿ ವರ್ಷಗಳೇ ಆಗಿದ್ದವು. ಆದರೂ ಬಿಚ್ಚಿದೆ.

ಒಳಗೆ ದೊಡ್ಡ ಹುಣಸೆಬೀಜದಂಥ ಕಂದು ಕೆಪಾಸಿಟರ್ ಇತ್ತು. ಮೇಲೆ '474J 400V' ಅನ್ನೋ ಬರಹ. ಬಿಡಿಸಿ ಮಲ್ಟಿಮೀಟರ್‌ಗೆ ಹಚ್ಚಿದರೆ 0.11 ಮೈಕ್ರೋಫ್ಯಾರಡ್ ತೋರಿಸಿತು. ಇದು ಸರಿಯೋ, ಕೆಟ್ಟಿದೆಯೋ? ಮೀಟರ್ ಹೇಳೋದು ಈಗ ಎಷ್ಟಿದೆ ಅಂತ ಮಾತ್ರ. ಎಷ್ಟಿರಬೇಕು ಅನ್ನೋದು ಆ ಮೂರಂಕಿಯಲ್ಲೇ ಇದೆ.

ಓದೋ ರೀತಿ ಸುಲಭ. ಮೊದಲ ಎರಡು ಅಂಕಿ ಹಾಗೇ ಬರೆದುಕೊಳ್ಳಿ. ಮೂರನೆಯದು ಎಷ್ಟು ಸೊನ್ನೆ ಸೇರಿಸಬೇಕು ಅಂತ ಹೇಳುತ್ತೆ. ಉತ್ತರ ಪಿಕೋಫ್ಯಾರಡ್‌ನಲ್ಲಿ ಬರುತ್ತೆ. 47ರ ಮುಂದೆ ನಾಲ್ಕು ಸೊನ್ನೆ ಅಂದ್ರೆ 4,70,000 ಪಿಕೋ, ಅಂದರೆ 0.47 ಮೈಕ್ರೋಫ್ಯಾರಡ್. ಹಾಗೆಯೇ 104 ಅಂದ್ರೆ 0.1 ಮೈಕ್ರೋ, 103 ಅಂದ್ರೆ 0.01. ಬರೀ '47' ಅಂತಿದ್ದರೆ 47 ಪಿಕೋ ಅಷ್ಟೇ. '4ಎನ್7' ಅಂತಿದ್ದರೆ 'ಎನ್' ಇರೋ ಜಾಗದಲ್ಲಿ ಚುಕ್ಕಿ ಇಡಿ: 4.7 ನ್ಯಾನೋ.

ಕೊನೆಯ ಅಕ್ಷರ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋದಕ್ಕೆ. 'ಜೆ' ಅಂದ್ರೆ ಶೇ 5, 'ಕೆ' ಶೇ 10, 'ಎಂ' ಶೇ 20. 'ಕೆ' ನೋಡಿ ಕಿಲೋ ಅಂದುಕೊಳ್ಳಬೇಡಿ!

ಹೀಗೆ ಓದಿದ ಮೇಲೆ ಉತ್ತರ ಸಿಕ್ಕಿತು. 0.47 ಇರಬೇಕಾದ ಕಡೆ 0.11, ಕಾಲು ಭಾಗವೂ ಇಲ್ಲ. ಬ್ಯಾಟರಿಗೆ ಹೋಗೋ ಕರೆಂಟೂ ಅಷ್ಟೇ ಇಳಿದಿತ್ತು. ಪಾಪ, ಬ್ಯಾಟರಿಯದ್ದೇನೂ ತಪ್ಪಿರಲಿಲ್ಲ.

ಎಸ್.ಪಿ. ರೋಡ್‌ಗೆ ಹೋದೆ. ಅಲ್ಲಿ ಹಸಿರು ಬಣ್ಣದ ಪುಟ್ಟದೊಂದು '2A474J' ಕಣ್ಣಿಗೆ ಬಿತ್ತು. "474 ತಾನೇ, ಇದೇ ಕೊಡಿ" ಅಂದೆ. ಅಂಗಡಿಯವರು ನನ್ನ ಹಳೇ ಪೀಸ್ ತಿರುಗಿಸಿ ನೋಡಿ, "ಸಾರ್, 2A ಅಂದ್ರೆ 100 ವೋಲ್ಟ್. ಮೇನ್ಸ್‌ಗೆ ಹಾಕಿದ್ರೆ ಢಂ ಅನ್ನುತ್ತೆ" ಅಂದರು. ಮೈ ಜುಂ ಅಂತು. ಮನೆಯ 230 ವೋಲ್ಟ್ ಎಸಿ ಪ್ರತಿ ಸುತ್ತಿನಲ್ಲೂ ಸುಮಾರು 325ರವರೆಗೆ ಏರುತ್ತೆ ಅಂತ ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ! ಅದಕ್ಕೇ ಮೌಲ್ಯದ ಜೊತೆ ವೋಲ್ಟೇಜನ್ನೂ ಓದಲೇಬೇಕು. ಹಳೆಯದಕ್ಕಿಂತ ಕಡಿಮೆ ವೋಲ್ಟೇಜಿನದು ಬೇಡವೇ ಬೇಡ.

ಇನ್ನೊಂದು ಮಾತು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಬಿಚ್ಚಿದ ತಕ್ಷಣ ಕೈ ಹಾಕಬೇಡಿ. ಅಭ್ಯಾಸ ಇಲ್ಲದವರು ಮೇನ್ಸ್ ಕೆಲಸವನ್ನು ಗೊತ್ತಿರೋರಿಗೇ ಬಿಡಿ. ಅಕ್ಷರ ಸಣ್ಣದಾಗಿ ಕಾಣದಿದ್ದರೆ ಫೋನ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಮೊನ್ನೆ ರಾತ್ರಿ ಕರೆಂಟ್ ಹೋಯ್ತು. ಲ್ಯಾಂಪ್ ಹಚ್ಚಿಟ್ಟು ಅಮ್ಮ ಒಂದೂ ಮಾತಾಡದೆ ಚಪಾತಿ ಲಟ್ಟಿಸುತ್ತಿದ್ದರು. ಕೊನೇ ಚಪಾತಿ ಬೇಯೋವರೆಗೂ ಬೆಳಕು ಮಂಕಾಗಲಿಲ್ಲ.