ಸೆಲ್ಫ್ ಕೈಕೊಟ್ಟಾಗ

ಮುಳಬಾಗಿಲಿನ ಆಂಜನೇಯಸ್ವಾಮಿಯ ದರ್ಶನ ಮುಗಿಸಿ, ಕುರುಡುಮಲೆಯ ಗಣಪನಿಗೂ ಕೈಮುಗಿದು ಬರಬೇಕೆಂದು ಕೋಲಾರದ ಸಂಸಾರವೊಂದು ಬೆಳಗಿನ ಜಾವದಲ್ಲೇ ಹೊರಟು ನಿಂತಿದೆಯೆಂದು ಭಾವಿಸಿಕೊಳ್ಳಿ. ಪುಳಿಯೋಗರೆಯ ಡಬ್ಬಿ ಅಜ್ಜಿಯ ಮಡಿಲನ್ನು ಸೇರಿದೆ. ಕಿಟಕಿಯ ಪಕ್ಕದ ಜಾಗಕ್ಕಾಗಿ ಮಕ್ಕಳ ಜಗಳವೂ ಮುಗಿದಿದೆ. ಯಜಮಾನರು ಕೀಲಿ ತಿರುಗಿಸುತ್ತಾರೆ. ‘ಟಕ್’ ಎಂಬ ಒಂದೇ ಸದ್ದು, ಅನಂತರ ಮೌನ. ಮತ್ತೊಮ್ಮೆ ತಿರುಗಿಸಿದರೂ ಅದೇ ‘ಟಕ್’. ಕಾಂಪೌಂಡಿನಾಚೆಯಿಂದ ನೆರೆಯವರ ತೀರ್ಪು ಬಂದೇಬಿಡುತ್ತದೆ: “ಸೆಲ್ಫ್ ಹೋಯಿತು ಸ್ವಾಮಿ, ಹೊಸದು ಹಾಕಿಸಿಬಿಡಿ!”

ಈ ತೀರ್ಪು ಕೋಲಾರ ಸೀಮೆಯ ಗುಣಕ್ಕೆ ಒಪ್ಪುವಂಥದಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಬೇಸಾಯ ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ನಂಬಿ ಬಂದಿದೆ. ಪಂಪಿನ ಮೋಟಾರು ಸುಟ್ಟಿತೆಂದು ರೈತ ಅದನ್ನು ಗುಜರಿಗೆ ಹಾಕುವುದಿಲ್ಲ. ವೈಂಡಿಂಗ್ ಅಂಗಡಿಗೆ ಒಯ್ದು, ಹೊಸ ತಂತಿ ಸುತ್ತಿಸಿ, ಮತ್ತೆ ಬಾವಿಗಿಳಿಸುತ್ತಾನೆ. ವಿದ್ಯುತ್ ಯಂತ್ರಗಳ ಪರಿಚಯವೂ ಈ ನೆಲಕ್ಕೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಸಾಗಿ ಬಂದು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಾರಿಗೆ ಯಶಸ್ವಿಯಾದ ವಿದ್ಯುತ್ ಸ್ಟಾರ್ಟರನ್ನು ರೂಪಿಸಿದ್ದು ಅದಾದ ಒಂಬತ್ತು ವರ್ಷಗಳ ಮೇಲೆ, 1911ರಲ್ಲಿ. ಅದಕ್ಕೆ ಮೊದಲು ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಾಗಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದೂ ಉಂಟು.

ಒಳಗೆ ಇರುವುದೇನು?

ಜನ ‘ಸೆಲ್ಫ್’ ಎಂದು ಕರೆಯುವ ಸ್ಟಾರ್ಟರ್, ವಸ್ತುತಃ 12 ವೋಲ್ಟಿನ ಪುಟ್ಟ ಮೋಟಾರು. ಅದರ ಬೆನ್ನಮೇಲೆ ಕುಳಿತಿರುವುದು ಸೊಲೆನಾಯ್ಡ್. ಕೀಲಿ ತಿರುಗಿದೊಡನೆ ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ: ಪಿನಿಯನ್ ಎಂಬ ಹಲ್ಲುಚಕ್ರವನ್ನು ಎಂಜಿನ್ನಿನ ಫ್ಲೈವೀಲಿನತ್ತ ತಳ್ಳುತ್ತದೆ, ಬ್ಯಾಟರಿಯಿಂದ ಮೋಟಾರಿಗೆ ದಪ್ಪ ತಂತಿಯ ದಾರಿಯನ್ನು ತೆರೆಯುತ್ತದೆ. ಆ ಕೆಲವು ಕ್ಷಣಗಳಲ್ಲಿ ನೂರು ಆಂಪಿಯರಿಗೂ ಮಿಕ್ಕ ವಿದ್ಯುತ್ತು ಹರಿಯುತ್ತದೆ. ಆದಕಾರಣವೇ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಸದ್ದೇ ಸಾಕ್ಷಿ

ವೈದ್ಯರು ನಾಡಿ ಹಿಡಿಯುವಂತೆ ಇಲ್ಲಿ ಕಿವಿಗೊಡಬೇಕು, ದೀಪ ನೋಡಬೇಕು. ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿದಾಗ ದೀಪ ತೀರ ಮಂಕಾದರೆ ಮೊದಲ ಸಂಶಯ ಬ್ಯಾಟರಿಯ ಮೇಲೆ, ಇಲ್ಲವೇ ಅದರ ತುದಿಗಳಿಗೆ ಹಿಡಿದ ಕಿಲುಬಿನ ಮೇಲೆ. ದೀಪ ಮಂಕಾಗದೆ ‘ಟಕ್’ ಎಂದಷ್ಟೇ ಸದ್ದಾದರೆ ಸೊಲೆನಾಯ್ಡಿನ ಒಳಸಂಪರ್ಕ ಸುಟ್ಟಿರಬಹುದು, ಅಥವಾ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟಾರು ಗಿರ್ರೆಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ದೋಷ ಪಿನಿಯನ್ನಿನದು. ಸದ್ದೇ ಇಲ್ಲದಿದ್ದರೆ ಫ್ಯೂಸು, ಕೀಲಿಯ ಸ್ವಿಚ್ಚು, ಸಣ್ಣ ತಂತಿಗಳನ್ನು ಪರೀಕ್ಷಿಸಬೇಕು.

ಮೆಲ್ಲನೆ ತಟ್ಟಿದಾಗ ಸೆಲ್ಫ್ ಒಮ್ಮೆ ತಿರುಗುವುದುಂಟು. ಅದು ಗುಣವಾದ ಲಕ್ಷಣವಲ್ಲ. ಅನೇಕ ವೇಳೆ ಬ್ರಷ್ಷು ಕೊನೆಗಾಲಕ್ಕೆ ಬಂದಿದೆಯೆಂಬ ಸೂಚನೆ. ಈಚಿನ ಅನೇಕ ಸ್ಟಾರ್ಟರುಗಳ ಒಳಗೆ ಕಾಯಂ ಅಯಸ್ಕಾಂತಗಳಿರುತ್ತವೆ. ಸುತ್ತಿಗೆಯ ಪೆಟ್ಟಿಗೆ ಅವು ಬಿರುಕುಬಿಟ್ಟರೆ ರಿಪೇರಿಯ ಆಸೆಯೂ ಹೋದಂತೆಯೇ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದು ಕೊನೆಯದು. ಈ ನಿಯಮ ಮೀರಿ ಸ್ಪ್ಯಾನರ್ ಹಾಕಿದವರ ಕೈ ಸುಡುವುದು ಖಂಡಿತ, ಏಕೆಂದರೆ ಸ್ಟಾರ್ಟರಿಗೆ ಹೋಗುವ ದಪ್ಪ ತಂತಿಗೆ ಸಾಮಾನ್ಯವಾಗಿ ಫ್ಯೂಸಿನ ಕಾವಲಿರುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರೂ ನುಸುಳಕೂಡದು. ಭದ್ರವಾದ ಸ್ಟ್ಯಾಂಡ್ ಇರಲೇಬೇಕು.

ಮೋಟಾರನ್ನು ಇಳಿಸಿದ ಮೇಲೆ, ಬಿಚ್ಚುವ ಮುನ್ನ, ಕೀಲುಗಳಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದುಕೊಂಡರೆ ಜೋಡಿಸುವಾಗ ಗೊಂದಲವಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ, ಶ್ರೀನಿವಾಸಪುರದ ಮಾವಿನ ತೋಪುಗಳ ಮಣ್ಣುದಾರಿಯಲ್ಲಿ ಓಡಾಡುವ ಕಾರಾದರೆ ಕೆಂಧೂಳು ಮೊದಲು ಕಣ್ಣಿಗೆ ಬೀಳುತ್ತದೆ. ಬ್ರಷ್ಷುಗಳು ಉಜ್ಜುವ ತಾಮ್ರದ ಉರುಳೆಯಾದ ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಿಂದ ಹದವಾಗಿ ಉಜ್ಜಬಹುದು. ಎಮೆರಿ ಕಾಗದ ಬೇಡ. ಮೊಂಡಾದ ಬ್ರಷ್ಷುಗಳನ್ನು ಅದೇ ಮಾದರಿಯ ಹೊಸ ಬ್ರಷ್ಷುಗಳಿಂದ ಒಟ್ಟಿಗೇ ಬದಲಿಸಬೇಕು. ಕೆಲವಕ್ಕೆ ಬೆಸುಗೆಯೂ ಬೇಕಾದೀತು. ಹೊಸ ಸ್ಟಾರ್ಟರಿನ ಬೆಲೆಯೆದುರು ಬ್ರಷ್ಷಿನ ಬೆಲೆ ಅತ್ಯಲ್ಪ.

ಆದರೆ ಮನೆಯ ಕೆಲಸಕ್ಕೂ ಒಂದು ಗಡಿಯಿದೆ. ಒಳಗಿನ ಕಾಯಿಲ್ ಸುಟ್ಟ ವಾಸನೆ ಬಂದರೆ, ಕಮ್ಯುಟೇಟರಿನಲ್ಲಿ ಆಳವಾದ ಗೀರು ಬಿದ್ದಿದ್ದರೆ, ಪಿನಿಯನ್ನಿನ ಹಲ್ಲು ಮುರಿದಿದ್ದರೆ, ಕೆಲಸವನ್ನು ಬಲ್ಲ ಆಟೋ ಎಲೆಕ್ಟ್ರಿಷಿಯನ್ನನ ಕೈಗೊಪ್ಪಿಸುವುದೇ ವಿವೇಕ. ಮೋಟಾರಿನ ಕವಚವೇ ಬಿರಿದಿದ್ದರೆ ಹೊಸದನ್ನು ತರಲು ಹಿಂಜರಿಯಬೇಕಾಗಿಲ್ಲ. ದೋಷ ಎಲ್ಲಿದೆಯೆಂದು ತಿಳಿದಿದ್ದರೆ ಆಗ ತೆತ್ತ ಹಣಕ್ಕೂ ಒಂದು ಅರ್ಥವಿರುತ್ತದೆ. ಒಂದು ಬ್ರಷ್ಷಿನ ತಪ್ಪಿಗೆ ಇಡೀ ಯಂತ್ರಕ್ಕೆ ದಂಡ ಕಟ್ಟಿದಂತಾಗುವುದಿಲ್ಲ.

ಇನ್ನು ಕೋಲಾರದ ಆ ಸಂಸಾರ? ಯಜಮಾನರು ನೆರೆಯವರ ಮಾತಿಗೆ ತಲೆದೂಗಿ, ಹೆಡ್‌ಲೈಟ್ ಹಾಕಿ ನೋಡುತ್ತಾರೆ. ಕೀಲಿ ತಿರುಗಿದಾಗ ದೀಪ ಮಿಣುಕು ಹುಳುವಾಗುತ್ತದೆ. ಬಾನೆಟ್ ಎತ್ತಿದರೆ ಬ್ಯಾಟರಿಯ ತುದಿಗಳ ಮೇಲೆ ಕಿಲುಬು ಹೂವಿನಂತೆ ಅರಳಿದೆ! ತಂತಿ ಬಿಚ್ಚಿ, ಅಡುಗೆಮನೆಯಿಂದ ಬಂದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿಯಾಗಿ ಜೋಡಿಸಿದ ಮೇಲೆ ಎಂಜಿನ್ ಒಂದೇ ಬಾರಿಗೆ ಗುಡುಗುತ್ತದೆ. ಬೆಳಗಿನ ಪೂಜೆ ತಪ್ಪಿದರೂ ಮಂಗಳಾರತಿಯ ಹೊತ್ತಿಗೆ ಅವರು ಮುಳಬಾಗಿಲು ಸೇರುತ್ತಾರೆ; ಪುಳಿಯೋಗರೆ ಕುರುಡುಮಲೆಯಲ್ಲಿ ಖಾಲಿಯಾಗುತ್ತದೆ.