ಎಳೆವಯಸ್ಸಿನ ಬೋಳುತಲೆ: ಗುಳಿಗೆ ನುಂಗಬೇಕೇ, ಬೇಡವೇ?



ಜೋಳದ ಬಿತ್ತನೆ, ದಾಳಿಂಬೆಯ ರೋಗ, ಮಕ್ಕಳ ಲಸಿಕೆ ಇವು ಈ ಅಂಕಣಕ್ಕೆ ಒಪ್ಪುವ ವಿಷಯಗಳು. ಈ ಸಲ ಗಂಡುಮಕ್ಕಳ ತಲೆಗೂದಲಿನ ಬಗ್ಗೆ ಬರೆಯುತ್ತಿದ್ದೇವೆ. ಕೆಲವರಿಗೆ ನಗು ಬರಬಹುದು. ಆದರೆ ಇಪ್ಪತ್ತೆರಡು, ಇಪ್ಪತ್ತೈದರ ಹರೆಯದಲ್ಲಿ ಹಣೆಯ ಮೇಲಿನ ಕೂದಲು ಹಿಂದೆ ಸರಿಯತೊಡಗಿದ ಹುಡುಗನಿಗೆ ಅದು ನಗೆಯ ಮಾತಲ್ಲ. ಒಕ್ಕಲುತನದ ಮನೆಗೆ ಕನ್ಯೆ ಕೊಡಲು ಹಿಂದೆಮುಂದೆ ನೋಡುವ ಕಾಲವಿದು. 2022ರ ಡಿಸೆಂಬರ್‌ನಲ್ಲಿ ನಮ್ಮ ಸೊಲ್ಲಾಪುರದಲ್ಲಿಯೇ ಮದುವೆಯಾಗದ ಯುವಕರು ಮದುಮಗನ ಉಡುಪು ತೊಟ್ಟು, ಕುದುರೆ ಏರಿ, ಜಿಲ್ಲಾಧಿಕಾರಿಗಳ ಕಚೇರಿಗೆ ಮೋರ್ಚಾ ಹೋದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಇಂಥದರಲ್ಲಿ ತಲೆಗೂದಲೂ ಉದುರಿದರೆ ಹುಡುಗನ ಜೊತೆಗೆ ತಾಯಿತಂದೆಯೂ ಕಂಗೆಡುತ್ತಾರೆ. ಆಗ ಗೆಳೆಯರು ಹೇಳಿದ ಗುಳಿಗೆಯನ್ನು ಔಷಧಿ ಅಂಗಡಿಯಿಂದ ತಂದು ನುಂಗುವುದು, ಮೊಬೈಲಿನ ಜಾಹೀರಾತು ನೋಡಿ ಎಣ್ಣೆ ತರಿಸುವುದು ನಡೆಯುತ್ತದೆ. ಈ ಗುಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಿರ್ಧರಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಕ್ರಮವಾಗಿ ಕೊಡುತ್ತೇವೆ.

ಮೊದಲು ರೋಗ ಯಾವುದೆಂದು ಗುರುತಿಸಿ

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಲ್ಲಿಯೂ ಸಹಜ. ಅದಕ್ಕಿಂತ ಹೆಚ್ಚು ಉದುರಿದರೆ ಕಾರಣ ಹಲವು ಇರಬಹುದು. ಟೈಫಾಯಿಡ್, ಡೆಂಗ್ಯೂ, ಕೋವಿಡ್ ಮುಂತಾದ ಜ್ವರ ಬಂದುಹೋದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ನಿಂತು ಕೂದಲು ಮತ್ತೆ ಬರುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ, ಥೈರಾಯ್ಡ್ ಗ್ರಂಥಿ ಕೆಟ್ಟರೂ ಕೂದಲು ಹೋಗುತ್ತದೆ. ರೂಪಾಯಿ ನಾಣ್ಯದಷ್ಟಗಲ ದುಂಡಗೆ ನುಣ್ಣಗಾದರೆ ಅದು ಬೇರೆ ರೋಗ. ತುರಿಕೆ, ಹೊಟ್ಟು, ಕೀವು ಇದ್ದರೆ ಬೂಷ್ಟಿನ ಸೋಂಕು ಇರಬಹುದು.

ನಮ್ಮ ರಾಜ್ಯದ ಬುಲ್ಢಾಣಾ ಜಿಲ್ಲೆಯ ಸಂಗತಿ ನಿಮಗೆ ನೆನಪಿರಬಹುದು. 2024ರ ಕೊನೆ ಮತ್ತು 2025ರ ಆರಂಭದಲ್ಲಿ ಅಲ್ಲಿಯ ಶೇಗಾಂವ ತಾಲೂಕಿನ ಹಳ್ಳಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಕೆಲವೇ ದಿನಗಳಲ್ಲಿ ತಲೆ ಬೋಳಾಯಿತು. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ ಬಾವಸ್ಕರ ಅವರು ಪರೀಕ್ಷೆ ಮಾಡಿಸಿ, ಪಡಿತರ ಅಂಗಡಿಯ ಗೋಧಿಯಲ್ಲಿ ಸೆಲೆನಿಯಂ ಎಂಬ ಖನಿಜ ಅತಿಯಾಗಿದ್ದುದೇ ಕಾರಣವೆಂದು ಹೇಳಿದರು. ಅಂಥ ಕೂದಲುದುರುವಿಕೆಗೆ ನಾವು ಇಲ್ಲಿ ಹೇಳುವ ಗುಳಿಗೆಯಿಂದ ಯಾವ ಪ್ರಯೋಜನವೂ ಇಲ್ಲ.

ಪವಿತ್ರ ಬೈಬಲಿನ ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ಇದೇ ವಿವೇಕವಿದೆ. ತಲೆಗೂದಲು ಉದುರಿದವನನ್ನು ಯಾಜಕನು ಪರೀಕ್ಷಿಸಬೇಕು. ಬರೀ ಬೋಳಾಗಿದ್ದರೆ ಅವನು ಶುದ್ಧನೇ, ಕೆಂಪುಮಿಶ್ರಿತ ಬಿಳಿಯ ಮಚ್ಚೆಯಿದ್ದರೆ ಮಾತ್ರ ರೋಗವೆಂದು ತಿಳಿಯಬೇಕು ಎಂಬ ವಿಧಿ ಅಲ್ಲಿದೆ. ಇಂದು ಆ ಪರೀಕ್ಷೆ ಚರ್ಮರೋಗ ವೈದ್ಯರ ಕೆಲಸ. ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಸಿವ್ಹಿಲ್ ದವಾಖಾನೆಗೆ ಅಕ್ಕಲಕೋಟ, ದುಧನಿ, ಮೈಂದರ್ಗಿ ಕಡೆಯವರು ಹೋಗಿ ತೋರಿಸಿಕೊಳ್ಳಬಹುದು.

ಗಂಡಸರ ಬೋಳು ಹೇಗೆ ಬರುತ್ತದೆ

ಹಣೆಯ ಎರಡು ಮೂಲೆಗಳಲ್ಲಿ ಅಥವಾ ನಡುನೆತ್ತಿಯಲ್ಲಿ ಆರಂಭವಾಗಿ, ವರ್ಷವರ್ಷಕ್ಕೆ ನಿಧಾನವಾಗಿ ಹರಡುವುದು ಗಂಡಸರ ಸಹಜ ಬೋಳಿನ ಲಕ್ಷಣ. ಗಂಡಸುತನಕ್ಕೆ ಕಾರಣವಾದ ಟೆಸ್ಟೋಸ್ಟೆರಾನ್ ಎಂಬ ರಸವು ದೇಹದಲ್ಲಿ ಡಿ.ಎಚ್.ಟಿ. ಎಂಬ ಇನ್ನೂ ಚುರುಕಾದ ರಸವಾಗಿ ಮಾರ್ಪಡುತ್ತದೆ. ಹುಟ್ಟಿನಿಂದಲೇ ಆ ರಸಕ್ಕೆ ಸೂಕ್ಷ್ಮವಾಗಿರುವ ಕೂದಲಿನ ಬೇರುಗಳು ಅದರ ಪ್ರಭಾವದಿಂದ ಸೊರಗುತ್ತ ಬರುತ್ತವೆ. ಕೂದಲು ತೆಳ್ಳಗಾಗಿ, ಗಿಡ್ಡವಾಗಿ, ಕೊನೆಗೆ ಕಾಣದಂತಾಗುತ್ತದೆ. ಬೀಜ ಒಡೆದ ಎತ್ತಿಗೂ ಹೋರಿಗೂ ಇರುವ ವ್ಯತ್ಯಾಸ ರೈತರಿಗೆ ಗೊತ್ತು. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ, ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳು ಬರುವುದಿಲ್ಲವೆಂದು ತೋರಿಸಿದನು.

ಹಾಗಾದರೆ ಹಿಂದಲೆಯ ಕೂದಲು ಏಕೆ ಉಳಿಯುತ್ತದೆ? ಜೋಳದ ಹೊಲದಲ್ಲಿ ಟು-ಫೋರ್-ಡಿ ಸಿಂಪಡಿಸಿದರೆ ಅಗಲ ಎಲೆಯ ಕಳೆ ಸಾಯುತ್ತದೆ, ಜೋಳ ನಿಲ್ಲುತ್ತದೆ. ಅದೇ ಔಷಧಿ ಪಕ್ಕದ ತೊಗರಿಗೋ ಹತ್ತಿಗೋ ಹಾರಿದರೆ ಆ ಬೆಳೆ ಮುರುಟುತ್ತದೆ. ತಲೆಯಲ್ಲಿಯೂ ಹಾಗೆಯೇ. ರಸ ಒಂದೇ, ಬೇರುಗಳ ಗುಣ ಬೇರೆ. ಈ ಗುಣ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಬರುತ್ತದೆ. ಸೋದರಮಾವನ ತಲೆ ನೋಡಿ ಮಾತ್ರ ಭವಿಷ್ಯ ಹೇಳಲಾಗದು. ಟೋಪಿ ಹಾಕುವುದರಿಂದ, ಬಿಸಿಲಲ್ಲಿ ದುಡಿಯುವುದರಿಂದ, ಬೋರಿನ ಗಡಸು ನೀರಿನಿಂದ ಈ ಬಗೆಯ ಬೋಳು ಬರುವುದಿಲ್ಲ.

ಇರುವ ಔಷಧಿಗಳು

ಪರೀಕ್ಷೆಗೆ ನಿಂತ ಮುಖ್ಯ ಔಷಧಿಗಳು ಎರಡು. ಮೊದಲನೆಯದು ಮಿನೊಕ್ಸಿಡಿಲ್. ಇದು ಮೂಲದಲ್ಲಿ ರಕ್ತದೊತ್ತಡದ ಗುಳಿಗೆ. ನುಂಗಿದವರ ಮೈಮೇಲೆ ಕೂದಲು ಬೆಳೆಯುವುದನ್ನು ಕಂಡು, ತಲೆಗೆ ಹಚ್ಚುವ ದ್ರವವಾಗಿ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಒಣಗಿದ ನೆತ್ತಿಗೆ ಹಚ್ಚಬೇಕು. ಮೊದಲ ಕೆಲವು ವಾರ ಕೂದಲು ಹೆಚ್ಚಾಗಿಯೇ ಉದುರಬಹುದು, ಅದಕ್ಕೆ ಹೆದರಬಾರದು.

ಎರಡನೆಯದು ಫಿನಾಸ್ಟರೈಡ್ ಗುಳಿಗೆ. ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ, ಹುಟ್ಟಿನಿಂದ ಡಿ.ಎಚ್.ಟಿ. ಕೊರತೆಯಿದ್ದ ಗಂಡಸರ ಕುರಿತು 1974ರಲ್ಲಿ ವೈದ್ಯರು ವರದಿ ಮಾಡಿದರು. ಅವರ ಪ್ರೋಸ್ಟೇಟ್ ಗ್ರಂಥಿ ಚಿಕ್ಕದಾಗಿತ್ತು, ಹಣೆಗೂದಲು ಹಿಂದೆ ಸರಿದಿರಲಿಲ್ಲ. ಇದರ ಜಾಡು ಹಿಡಿದು ಆ ರಸವನ್ನು ತಗ್ಗಿಸುವ ಔಷಧಿ ತಯಾರಾಯಿತು. 5 ಮಿಲಿಗ್ರಾಂ ಗುಳಿಗೆ 1992ರಲ್ಲಿ ಮುದುಕರ ಪ್ರೋಸ್ಟೇಟ್ ತೊಂದರೆಗೆ, 1 ಮಿಲಿಗ್ರಾಂ ಗುಳಿಗೆ 1997ರಲ್ಲಿ ಗಂಡಸರ ಬೋಳಿಗೆ ಅಮೆರಿಕದಲ್ಲಿ ಬಂದವು. ಎರಡು ವರ್ಷದ ಪರೀಕ್ಷೆಯಲ್ಲಿ, ಗುಳಿಗೆ ನುಂಗಿದ ನೂರು ಮಂದಿಯಲ್ಲಿ 83 ಮಂದಿಗೆ ನೆತ್ತಿಯ ಕೂದಲು ಮುಂದೆ ಕಡಿಮೆಯಾಗಲಿಲ್ಲ. ಔಷಧಿಯಿಲ್ಲದ ಬರೀ ಗುಳಿಗೆ ನುಂಗಿದವರಲ್ಲಿ ಇಂಥವರು 28 ಮಾತ್ರ. ಇದ್ದುದನ್ನು ಉಳಿಸುವುದರಲ್ಲಿ ಈ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪೂರ್ತಿ ನುಣ್ಣಗಾದ ಜಾಗದಲ್ಲಿ ಬೆಳೆ ತೆಗೆಯುವ ಶಕ್ತಿ ಇದಕ್ಕೂ ಇಲ್ಲ.

ಎರಡೂ ಔಷಧಿಗಳಿಗೆ ಒಂದು ಮಿತಿಯಿದೆ. ಫಲ ಕಾಣಲು ಮೂರರಿಂದ ಆರು ತಿಂಗಳಾದರೂ ಬೇಕು, ಸರಿಯಾಗಿ ತೂಗಿ ನೋಡಲು ಒಂದು ವರ್ಷ ಬೇಕು. ಬಿಟ್ಟರೆ ಸುಮಾರು ಒಂದು ವರ್ಷದೊಳಗೆ ಉಳಿಸಿಕೊಂಡ ಕೂದಲು ಹೋಗುತ್ತದೆ. ನೀರು ಹಾಯಿಸುವವರೆಗೆ ಮಾತ್ರ ನಿಲ್ಲುವ ಬೆಳೆ ಇದು.

ತೊಂದರೆಗಳನ್ನು ಮುಚ್ಚಿಡಬಾರದು

ಮಿನೊಕ್ಸಿಡಿಲ್‌ನಿಂದ ನೆತ್ತಿ ತುರಿಸಬಹುದು, ಕೆಲವರಿಗೆ ಎದೆ ಬಡಿತ ಹೆಚ್ಚಬಹುದು. ಹೃದಯದ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಚ್ಚಿದ ಮೇಲೆ ಕೈ ತೊಳೆಯಬೇಕು. ತಂದೆಯ ತಲೆಯ ಔಷಧಿ ತಾಗಿ ಕೂಸಿನ ಮೈಮೇಲೆ ಕೂದಲು ಬೆಳೆದ ಪ್ರಕರಣಗಳು ಯುರೋಪಿನಲ್ಲಿ ವರದಿಯಾಗಿವೆ. ಬೆಕ್ಕಿಗಂತೂ ಇದು ವಿಷ.

ಫಿನಾಸ್ಟರೈಡ್‌ನ ವಿಷಯ ಇನ್ನೂ ಸೂಕ್ಷ್ಮ. ಕಂಪನಿಯ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ದೌರ್ಬಲ್ಯ ಮುಂತಾದ ತೊಂದರೆ ಕಂಡಿತು. ಬರೀ ಗುಳಿಗೆ ನುಂಗಿದವರಲ್ಲಿಯೂ ಸುಮಾರು 2 ಮಂದಿಗೆ ಕಂಡಿತು. ಹೆಚ್ಚಿನವರಿಗೆ ಗುಳಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಆದರೆ ಬಿಟ್ಟ ಮೇಲೂ ತೊಂದರೆ ಉಳಿಯಿತೆಂದು ಹೇಳಿದವರಿದ್ದಾರೆ. 2012ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಎಚ್ಚರಿಕೆಯನ್ನು ಔಷಧಿಯ ಚೀಟಿಯಲ್ಲಿ ಸೇರಿಸಿತು. ಕೆಲವರ ವೀರ್ಯಾಣುಗಳ ಸಂಖ್ಯೆ ತಗ್ಗುವುದೂ ಉಂಟು. ಗುಳಿಗೆ ಬಿಟ್ಟರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಮನಸ್ಸಿನ ಖಿನ್ನತೆಯೂ ವರದಿಯಾಗಿದೆ. 2025ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಈ ಗುಳಿಗೆಯಿಂದ ಆತ್ಮಹತ್ಯೆಯ ಯೋಚನೆ ಬರಬಹುದೆಂದು ದೃಢಪಡಿಸಿತು. ಎಲ್ಲರಿಗೂ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಸಾಲ, ಬರ, ಬೆಲೆ ಕುಸಿತಗಳಿಂದ ಮೊದಲೇ ಮನಸ್ಸು ಕುಗ್ಗಿದ ಮನೆಗಳು ನಮ್ಮಲ್ಲಿ ಇವೆ. ಹಿಂದೆ ಖಿನ್ನತೆ ಬಂದವರು ಅದನ್ನು ವೈದ್ಯರಿಗೆ ಹೇಳದೆ ಈ ಗುಳಿಗೆ ಆರಂಭಿಸಬಾರದು. ನುಂಗುವಾಗ ಮನಸ್ಸು ಕಳೆಗುಂದಿದರೆ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು, ಮನೆಯವರೂ ಗಮನಿಸುತ್ತಿರಬೇಕು.

ಬಸುರಿ ಹೆಂಗಸರು ಒಡೆದ ಅಥವಾ ಪುಡಿಯಾದ ಫಿನಾಸ್ಟರೈಡ್ ಗುಳಿಗೆ ಮುಟ್ಟಬಾರದು. ಹೊಟ್ಟೆಯಲ್ಲಿರುವ ಗಂಡುಕೂಸಿನ ಅಂಗ ಬೆಳವಣಿಗೆಗೆ ಅದು ಅಪಾಯ. ಗುಳಿಗೆ ನುಂಗುತ್ತಿರುವವರು, ಬಿಟ್ಟು ಒಂದು ತಿಂಗಳಾಗದವರು ರಕ್ತದಾನ ಮಾಡಬಾರದು. ವಯಸ್ಸಾದವರು ಪ್ರೋಸ್ಟೇಟಿನ ರಕ್ತಪರೀಕ್ಷೆ ಮಾಡಿಸುವಾಗ ಈ ಗುಳಿಗೆಯ ಮಾತು ಹೇಳಲೇಬೇಕು. ಇದು ಆ ಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸಿ ರೋಗವನ್ನು ಮರೆಮಾಡಬಹುದು.

ನಿರ್ಧರಿಸುವ ಮುನ್ನ ಐದು ಪ್ರಶ್ನೆ

1. ಇದು ಗಂಡಸರ ಸಹಜ ಬೋಳೇ ಎಂದು ವೈದ್ಯರು ನೋಡಿ ಹೇಳಿದ್ದಾರೆಯೇ?

2. ಕೂದಲು ಉದುರುವುದರಿಂದ ನನಗೆ ನಿಜವಾಗಿ ಎಷ್ಟು ನೋವಾಗಿದೆ? ಅಥವಾ ಇತರರ ಕುಚೇಷ್ಟೆಗಾಗಿ ಮಾತ್ರ ನುಂಗಬೇಕೆನ್ನುತ್ತಿದ್ದೇನೆಯೇ?

3. ಹಲವು ವರ್ಷ ಬಿಡದೆ ನಡೆಸುವ ಶಕ್ತಿಯಿದೆಯೇ? ತಿಂಗಳಿಗೆ 500 ರೂಪಾಯಿ ಎಂದು ಹಿಡಿದರೂ ಹತ್ತು ವರ್ಷಕ್ಕೆ 60,000 ರೂಪಾಯಿ. ಇದು ಸಾಲ ಮಾಡಿ ಮಾಡುವ ಖರ್ಚಲ್ಲ.

4. ಮೇಲೆ ಹೇಳಿದ ತೊಂದರೆಗಳಲ್ಲಿ ಒಂದು ಬಂದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳುತ್ತೇನೆಯೇ?

5. ಮದುವೆಯಾಗಿದ್ದರೆ ಹೆಂಡತಿಗೆ, ನಿಶ್ಚಯವಾಗಿದ್ದರೆ ಆ ಹುಡುಗಿಗೆ ತಿಳಿಸಿದ್ದೇನೆಯೇ? ದಾಂಪತ್ಯಕ್ಕೂ ಮಕ್ಕಳಾಗುವುದಕ್ಕೂ ಸಂಬಂಧಪಟ್ಟ ಔಷಧಿಯನ್ನು ಗುಟ್ಟಾಗಿ ನುಂಗುವುದು ವಿವಾಹ ಸಂಸ್ಕಾರಕ್ಕೆ ಒಪ್ಪುವ ನಡತೆಯಲ್ಲ.

ಐದಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ವೈದ್ಯರ ಚೀಟಿಯ ಮೇರೆಗೆ ಔಷಧಿ ಆರಂಭಿಸಬಹುದು. ಅನುಮಾನ ಉಳಿದರೆ ಕಾಯಬಹುದು. ಹೀಗೆ ಕಾಯುವಾಗ ಒಂದು ಮಾತು ನೆನಪಿರಲಿ: ಈ ಔಷಧಿಗಳಿಂದ ಹೆಚ್ಚು ಪ್ರಯೋಜನ ಕೂದಲು ಇನ್ನೂ ಉಳಿದಿರುವಾಗಲೇ. ಗುಳಿಗೆಗೆ ಮನಸ್ಸು ಒಪ್ಪದವರು ಹಚ್ಚುವ ದ್ರವವೊಂದನ್ನೇ ಒಂದು ವರ್ಷ ನೋಡುವುದೂ ಒಂದು ದಾರಿ. ತಿಂಗಳಲ್ಲಿ ಕೂದಲು ಬರಿಸುತ್ತೇವೆ ಎನ್ನುವ ಎಣ್ಣೆ, ಪುಡಿಗಳಿಗೆ ಹಣ ಸುರಿಯಬೇಡಿ. ಬೋಳು ವಾಸಿಮಾಡುತ್ತೇವೆಂದು ಯಾವ ಔಷಧಿಯ ಮೇಲೂ ಹೇಳಿಕೊಳ್ಳಬಾರದೆಂದು ನಮ್ಮ ದೇಶದ ಔಷಧ ನಿಯಮಗಳ 'ಜೆ' ಅನುಸೂಚಿಯೇ ಹೇಳುತ್ತದೆ.

ಔಷಧಿ ಬೇಡವೆನ್ನುವವರಿಗೆ

ಕೂದಲು ಉಳಿಸಿಕೊಳ್ಳಬೇಕೆನ್ನುವುದು ಪಾಪವೇ ಎಂದು ಕೇಳುವವರಿದ್ದಾರೆ. ಪಾಪವಲ್ಲ. ದೇಹದ ಆರೋಗ್ಯ ಕಾಯುವುದು ಕರ್ತವ್ಯವೆಂದು ಧರ್ಮಸಭೆ ಕಲಿಸುತ್ತದೆ. ದೇಹವನ್ನೇ ದೇವರಂತೆ ಪೂಜಿಸುವುದನ್ನು ಮಾತ್ರ ಅದು ಒಪ್ಪುವುದಿಲ್ಲ. ಬೋಳಾಗಿಯೇ ಇರುತ್ತೇನೆ ಎನ್ನುವವನಿಗೂ ಯಾವ ಕೊರತೆಯೂ ಇಲ್ಲ. ಶತಮಾನಗಳ ಕಾಲ ಗುರುಪಟ್ಟಕ್ಕೆ ಹೊರಟವರ ತಲೆಗೂದಲನ್ನು ಕತ್ತರಿಸುವ ವಿಧಿ ನಮ್ಮ ಧರ್ಮಸಭೆಯಲ್ಲಿತ್ತು. 1972ರಲ್ಲಿ ಪೋಪ್ ಆರನೆಯ ಪೌಲರು ಅದನ್ನು ನಿಲ್ಲಿಸಿದರು. ಅಂದು ಅದು ದೇವರ ಸೇವೆಯ ಗುರುತಾಗಿತ್ತು. ಕೂದಲು ಸಣ್ಣಗೆ ಕತ್ತರಿಸಿಕೊಂಡು, ಬಿಸಿಲಿಗೆ ಹೋಗುವಾಗ ಟೋಪಿಯನ್ನೋ ಟವೆಲನ್ನೋ ಸುತ್ತಿಕೊಂಡರೆ ಸಾಕು. ಬೋಳುನೆತ್ತಿಯ ಚರ್ಮ ನಮ್ಮ ಬೇಸಿಗೆಗೆ ಬೇಗ ಸುಡುತ್ತದೆ.

ಹೆಣ್ಣು ಹೆತ್ತ ಮನೆಯವರಲ್ಲಿಯೂ ಒಂದು ವಿನಂತಿ. ಹುಡುಗನ ದುಡಿಮೆ, ಕುಡಿತವಿದೆಯೇ ಇಲ್ಲವೇ, ಹಿರಿಯರೊಡನೆ ಮಾತಾಡುವ ರೀತಿ ಇವುಗಳನ್ನು ವಿಚಾರಿಸಿ. ಹುಡುಗರನ್ನು ಬೋಳಾ ಎಂದು ಕರೆದು ನಗುವುದನ್ನು ಮನೆಯಲ್ಲಿಯೂ ದೇವಾಲಯದ ಅಂಗಳದಲ್ಲಿಯೂ ಬಿಡೋಣ. ಆ ನಗೆಗೆ ಹೆದರಿಯೇ ಕೆಲವರು ಯಾರಿಗೂ ಹೇಳದೆ ಗುಳಿಗೆ ನುಂಗುತ್ತಾರೆ, ತೊಂದರೆ ಬಂದರೂ ಹೇಳದೆ ಸಹಿಸುತ್ತಾರೆ. ಈ ವಿಷಯದಲ್ಲಿ ಮಾತಾಡಬೇಕೆನ್ನುವ ಯುವಕರು ಭಾನುವಾರದ ಬಲಿಪೂಜೆಯ ನಂತರ ನಮ್ಮನ್ನು ಕಾಣಬಹುದು. ವೈದ್ಯರ ಬಳಿ ಒಬ್ಬರೇ ಹೋಗಲು ಸಂಕೋಚವಾದರೆ ಜೊತೆಗೆ ಬರುತ್ತೇವೆ.