ಕತ್ತಲೆಕಾನಿನ ಕುಂಬಾರ

ಜೋಗ ದಾಟಿ ಹೊನ್ನಾವರದ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ, ಮಲೆಮನೆ ಘಟ್ಟದ ತಿರುವುಗಳು ಶುರುವಾಗುವಲ್ಲಿ, ಮಳೆಗಾಲದ ಸಂಜೆಗೆ ಸಂಜೆಯೇ ಇರುವುದಿಲ್ಲ. ಎರಡೂ ಬದಿಯ ಮರಗಳು ತಲೆಗೆ ತಲೆ ತಾಗಿಸಿ ನಿಂತು ಇದ್ದಷ್ಟು ಬೆಳಕನ್ನೂ ಮೇಲೆಯೇ ಹಿಡಿದುಕೊಂಡುಬಿಡುತ್ತವೆ. ಲಾರಿಗಳು ಆರು ಗಂಟೆಗೇ ದೀಪ ಹಚ್ಚಿಕೊಂಡು, ಗೇರು ಬದಲಿಸುತ್ತ, ನರಳುತ್ತ ಮೇಲೇರುತ್ತವೆ. ಇಲ್ಲಿ ಗಾಡಿ ಬದಿಗೆ ನಿಲ್ಲಿಸೋಣ. ಪ್ಯಾಂಟಿನ ಕಾಲನ್ನು ಉಂಬಳದ ಚೀಲದೊಳಗೆ ತೂರಿಸಿ ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಕಟ್ಟಿಕೊಂಡರೂ ಒಂದೆರಡು ಹತ್ತುತ್ತವೆ, ಅದಕ್ಕೆ ಬೇಜಾರು ಬೇಡ. ಅರಣ್ಯ ಇಲಾಖೆಯ ಅನುಮತಿ ಪತ್ರ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದು ಜೇಬಿನಲ್ಲಿದೆ. ಹಣೆಗೆ ಕಟ್ಟಿದ ದೀಪ ಇನ್ನೂ ಆರಿಯೇ ಇರಲಿ.

ರಸ್ತೆ ಬಿಟ್ಟು ಸ್ವಲ್ಪವೇ ಇಳಿದರೆ ಲಾರಿಗಳ ಸದ್ದು ಮಳೆಯ ಸದ್ದಿನಲ್ಲಿ ಕರಗಿಹೋಗುತ್ತದೆ. ಕಾಲಡಿಯ ದರಕು ಸದ್ದು ಮಾಡುವ ಕಾಲ ಮುಗಿದು, ಈಗ ಒದ್ದೆಯಾಗಿ ಮೆತ್ತಗೆ ಜಗ್ಗುತ್ತದೆ. ಕೊಳೆತ ಎಲೆ, ಅಣಬೆ, ಎಲ್ಲಿಯೋ ಬಿದ್ದ ಉಪ್ಪಾಗೆ ಹಣ್ಣು ಎಲ್ಲ ಬೆರೆತ ಒಂದು ಹುಳಿವಾಸನೆ ಮೂಗಿಗೆ ಹತ್ತುತ್ತದೆ. ಮುಂದೆ ಹೋಗುತ್ತಿರುವ ಊರಿನವರು ಕಂಬಳಿಕೊಪ್ಪೆ ಹಾಕಿಕೊಂಡಿದ್ದಾರೆ. ದಾರಿ ಅವರ ಕಾಲಿಗೆ ಗೊತ್ತು. ಅವರಿಗೆ ಗೊತ್ತಾಗದಿರುವುದು ನಾವು ಬಂದ ಕಾರಣ ಮಾತ್ರ. "ಕಪ್ಪೆ ನೋಡುಕೆ ಬೆಂಗ್ಳೂರಿಂದ ಬಂದ್ರಾ? ನಮ್ಮ ಬಚ್ಚಲ ಹಿಂದೇ ಬೇಕಾದಷ್ಟಿವೆಯಲ್ಲ ಮಾರಾಯ್ರೇ!" ಎಂದು ನಗುತ್ತಾರೆ. ನಗಲಿ. ಅವರ ಮಾತೂ ಸುಳ್ಳಲ್ಲ.

ಇಳಿಜಾರು ಮುಗಿದು ನೆಲ ಸಮತಟ್ಟಾಯಿತೆನ್ನುವಾಗ ಕಾಲು ಕೆಸರಿಗಿಳಿಯುತ್ತದೆ. ಊರಿನವರು ಇದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಜಾಯಿಕಾಯಿಯ ಕುಲಕ್ಕೆ ಸೇರಿದ ಮರಗಳು ವರ್ಷವಿಡೀ ನೀರು ಜಿನುಗುವ ಈ ಹಳ್ಳದ ತಗ್ಗಿನಲ್ಲಿ ಬೇರೂರಿವೆ. ಕೆಸರಿನೊಳಗೆ ಗಾಳಿ ಸಿಗದ ಬೇರುಗಳು ಮೇಲೆದ್ದು, ಮಂಡಿ ಮಡಚಿ, ಮತ್ತೆ ಕೆಸರಿಗಿಳಿದಿವೆ. ದೀಪ ಹಾಯಿಸಿದರೆ ನೂರಾರು ಮಂಡಿಗಳು ಕಾಣುತ್ತವೆ, ಕೆಲವಕ್ಕೆ ಪಾಚಿ, ಕೆಲವಕ್ಕೆ ಪುಟ್ಟ ಜರಿಗಿಡ. ಹಗಲಾಗಿದ್ದರೆ ನೆತ್ತಿಯ ಮೇಲೆ ಸಿಂಗಳೀಕಗಳ ಹಿಂಡೊಂದು ಹಾದುಹೋಗುವುದನ್ನು ಕಾಣಬಹುದಿತ್ತು. ಸಿದ್ದಾಪುರ ತಾಲ್ಲೂಕಿನ ಈ ತುಂಡು ಕಾಡಿನ ಹೆಸರು ಕತ್ತಲೆಕಾನು. ಇದರ ಹೆಸರನ್ನೇ ಹೊತ್ತ ಮರವೊಂದು ವಿಜ್ಞಾನದ ಪಟ್ಟಿಗೆ ಸೇರಿದ್ದು ತೀರಾ ಈಚೆಗೆ, 2000ನೆಯ ಇಸವಿಯಲ್ಲಿ. ಗೇರು ಮರದ ಬಂಧುವಾದ, ಅಷ್ಟೆತ್ತರದ ಮರವೇ ಅಲ್ಲಿಯತನಕ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲವೆಂದರೆ ಕೆಳಗಿನ ಕೆಸರಿನಲ್ಲಿ ಕೂತಿರುವ ಹೆಬ್ಬೆರಳುದ್ದದ ಜೀವಿಯ ಪಾಡೇನು!

ಹಳ್ಳದ ಅಂಚಿಗೆ ಬಂದೆವು. ಇನ್ನು ಮಾತಿಲ್ಲ. ಜೀರುಂಡೆಗಳು ಒಮ್ಮೆಲೇ ನಿಂತ ಮೇಲೆ ಕಿವಿಗೆ ಕೆಲಸ ಶುರು. ಮೊದಲು ಮೇಲಿನ ಪೊದೆಗಳಿಂದ ಮರಗಪ್ಪೆಗಳು, ಚೂರುಚೂರಾಗಿ ಟಿಕ್ ಟಿಕ್ ಎನ್ನುತ್ತ. ಆಮೇಲೆ ಬೇರುಗಳ ಸಂದಿಯಿಂದ ಇನ್ನೊಂದು ಬಗೆ. ನೀರಿನ ಮಗ್ಗುಲಿನಿಂದ, ಹರಿವಿನ ಸದ್ದನ್ನೇ ತಳ್ಳಿಕೊಂಡು ಮತ್ತೊಂದು. ಕಪ್ಪೆ ಸಂಶೋಧಕರು ಕಣ್ಣಿಗಿಂತ ಮೊದಲು ಕಿವಿಯನ್ನೇ ನಂಬುವುದು ಏಕೆಂದು ಇಲ್ಲಿ ನಿಂತರೆ ತಿಳಿಯುತ್ತದೆ. ಒಂದೇ ಬಣ್ಣ, ಒಂದೇ ಗಾತ್ರದ ಎರಡು ಕಪ್ಪೆಗಳು ಅಕ್ಕಪಕ್ಕ ಕೂತಿದ್ದರೂ ಹೆಣ್ಣು ತಪ್ಪು ಗಂಡಿನ ಬಳಿಗೆ ಹೋಗುವುದಿಲ್ಲ, ದನಿಯೇ ಅದರ ವಿಳಾಸ. ಹಾಗಾಗಿ ಮೈಕನ್ನು ಹಳ್ಳದತ್ತ ಹಿಡಿದು ಮುದ್ರಿಸಿಕೊಳ್ಳುತ್ತಾರೆ. ನೀರಿನ, ಗಾಳಿಯ ತಾಪ, ತೇವ ಬರೆದುಕೊಳ್ಳುತ್ತಾರೆ. ಹಿಡಿದದ್ದನ್ನು ಅಳೆದು ಮಿಲಿಮೀಟರುಗಳಲ್ಲಿ ಗುರುತು ಹಾಕುತ್ತಾರೆ. ಪೆನ್ಸಿಲ್ಲಿನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಈ ಮಳೆಗೆ ನಿಲ್ಲುವುದಿಲ್ಲ.

ಅಗೋ, ಹಳ್ಳದ ಮೇಲೆ ಬಾಗಿದ ಕಡ್ಡಿಯ ಬುಡದಲ್ಲಿ. ಸುಕ್ಕುಗಟ್ಟಿದ ಕಂದುಮೈ, ಉಬ್ಬಿದ ಕಣ್ಣು. ಕಣ್ಣಿನ ಪಾಪೆ ದುಂಡಗಿಲ್ಲ, ವಜ್ರದಾಕಾರದಲ್ಲಿದೆ. ಇವು ಇರುಳುಗಪ್ಪೆಗಳು. ಈ ಕುಲ ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲ. ಮನುಷ್ಯನ ಸುಳಿವೇ ಇಲ್ಲದ, ಡೈನೊಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲೇ, ಸುಮಾರು 7ರಿಂದ 8 ಕೋಟಿ ವರ್ಷಗಳ ಹಿಂದೆ ಬೇರೆಯಾದ ಕವಲು ಇದು.

ಮುಂದಿನದನ್ನು ನೋಡಲು ಕಾಯಬೇಕು. ಮಳೆ ಹೆಚ್ಚಾಗಿ, ಕಡಿಮೆಯಾಗಿ, ಕತ್ತಿನೊಳಗೆ ಇಳಿದು ಬೆನ್ನು ತೋಯಿಸಿದ ಮೇಲೂ ಕಾಯಬೇಕು. ಗಂಡಿನ ಕರೆಗೆ ಓಗೊಟ್ಟು ಬಂದ ಹೆಣ್ಣು ಅದರೊಡನೆ ಸ್ವಲ್ಪವೇ ಹೊತ್ತು ಕೂಡಿದ್ದು, ಬಿಡಿಸಿಕೊಂಡು, ಮುಂಗಾಲುಗಳನ್ನು ಊರಿ ಹಿಂಗಾಲುಗಳನ್ನು ಮೇಲೆತ್ತಿ ತಲೆಕೆಳಗಾಗಿ ನಿಲ್ಲುತ್ತದೆ. ಹಾಗೆ ನಿಂತೇ ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಯ ಅಂಚಿಗೋ ಮೊಟ್ಟೆಗಳನ್ನು ಅಂಟಿಸುತ್ತದೆ. ತಾಯಿಯ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಅಪ್ಪನದು. ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಬಾಚಿಕೊಳ್ಳುತ್ತದೆ. ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಿಂತು, ತೂಗುವ ಮೊಟ್ಟೆಗಳಿಗೆ ಅದನ್ನು ಮೆತ್ತುತ್ತದೆ. ಮತ್ತೆ ಬಗ್ಗುವುದು, ಬಾಚುವುದು, ಎದ್ದು ಮೆತ್ತುವುದು. ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಕೈ. ಹಬ್ಬದ ಮುಂಚೆ ಮಣ್ಣಿನ ಗೋಡೆ ಸಾರಿಸುವವರ ಕೈಯಲ್ಲಿ ಇರುವ ಅವಸರವಿಲ್ಲದ ಲಯವೇ ಇದರ ಕೈಯಲ್ಲೂ ಇದೆ. ಕೆಲಸ ಮುಗಿದ ಮೇಲೆ ನೋಡಿದರೆ ಅಲ್ಲಿ ಮೊಟ್ಟೆಯಿಲ್ಲ, ಕಡ್ಡಿಗೆ ಮೆತ್ತಿದ ಕೆಸರಿನ ಮುದ್ದೆಯಷ್ಟೇ.

ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ, ಜಿ. ರವಿಕಾಂತ್ ಸೇರಿ 2014ರಲ್ಲಿ 'ಝೂಟ್ಯಾಕ್ಸ' ಪತ್ರಿಕೆಯಲ್ಲಿ ಈ ಕಪ್ಪೆಯನ್ನು ಹೊಸ ಪ್ರಭೇದವೆಂದು ವಿವರಿಸಿದಾಗ, ಲ್ಯಾಟಿನ್ ಹೆಸರಿನ ಬಾಲಕ್ಕೆ ನೇರವಾಗಿ ನಮ್ಮ 'ಕುಂಬಾರ'ನನ್ನೇ ತಂದು ಕೂರಿಸಿದರು, ನಿಕ್ಟಿಬಟ್ರಾಕಸ್ ಕುಂಬಾರ ಎಂದು. ಮೊಟ್ಟೆಗೆ ಹೀಗೆ ಮಣ್ಣು ಮೆತ್ತುವ ಇನ್ನೊಂದು ಕಪ್ಪೆಯನ್ನು ಜಗತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಇದೇ ಘಟ್ಟದ ನೆಂಟರಾದ ಜೋಗದ ಇರುಳುಗಪ್ಪೆಗೂ ಕೆಂಪುಹೊಳೆಯ ಹೆಸರಿನ ಇರುಳುಗಪ್ಪೆಗೂ ಈ ಕಸುಬು ಗೊತ್ತಿಲ್ಲ. ಮಣ್ಣು ಏಕೆ? ಮಳೆ ಬಿಡುವು ಕೊಟ್ಟಾಗ ಮೊಟ್ಟೆ ಒಣಗದಿರಲಿ, ಕಸಿಯಲು ಬರುವವರ ಕಣ್ಣಿಗೆ ಬೀಳದಿರಲಿ ಎಂಬುದು ಸಂಶೋಧಕರ ತರ್ಕ. ಒಳಗಿನ ಗೊದಮೊಟ್ಟೆ ಹೊರಬಂದಾಗ ಕೆಳಗಿನ ಹಳ್ಳಕ್ಕೆ ತೊಪ್ಪನೆ ಬಿದ್ದರಾಯಿತು.

ನನಗೆ ಇದರಲ್ಲಿ ದೊಡ್ಡದೆನಿಸುವುದು ಹೆಸರಿಟ್ಟದ್ದಲ್ಲ. ಹೆಸರಿಡಲು ಡಿಎನ್ಎ, ಅಳತೆ, ದನಿಯ ಗ್ರಾಫು ಸಾಕು. ಕೈಯಲ್ಲಿ ಹಿಡಿದ ಕಪ್ಪೆಯಿಂದ, ಸಾರಾಯದ ಬಾಟಲಿಯಲ್ಲಿಟ್ಟ ಕಪ್ಪೆಯಿಂದ ಅಷ್ಟು ತಿಳಿಯುತ್ತದೆ. ಅದು ಅಪ್ಪನಾಗುವುದು ಹೇಗೆಂದು ತಿಳಿಯಲು ಮಾತ್ರ ರಾತ್ರಿ ಕೆಸರಿನಲ್ಲಿ ನಿಂತೇ ತೀರಬೇಕು. ಯಂತ್ರ ಎಷ್ಟೇ ಬಂದರೂ ನಿಸರ್ಗ ವಿಜ್ಞಾನದ ಒಂದು ಕಾಲು ಇನ್ನೂ ಇಂಥ ಹಳ್ಳಗಳಲ್ಲೇ ಇದೆ.

ಹಾಗೆಂದು ದಟ್ಟ ಕಾಡೇ ಬೇಕೆಂದಿಲ್ಲ. 2016ರಲ್ಲಿ ಮಣಿಪಾಲದ ಸುತ್ತಿನ ಮುರಕಲ್ಲಿನ ಬಯಲಿನಿಂದ ಒಂದೂವರೆ ಸೆಂಟಿಮೀಟರು ಮೀರಿದ ಪುಟಾಣಿ ಕಪ್ಪೆಯೊಂದು ವಿಜ್ಞಾನಕ್ಕೆ ಹೊಸದಾಗಿ ಬಂತು. ಅದರ ದನಿಯನ್ನು ಜನ ಕೀಟದ್ದೆಂದುಕೊಂಡು ಸುಮ್ಮನಿದ್ದುಬಿಡಬಹುದಿತ್ತು. 2018ರಲ್ಲಿ ಮಂಗಳೂರಿನಲ್ಲಿ, ಸುತ್ತಲೂ ಕಾರ್ಖಾನೆಗಳಿರುವ ಹಳೆಯ ಮರದ ದಾಸ್ತಾನಿನ ಜಾಗದಲ್ಲೇ ಇನ್ನೊಂದು ಸಿಕ್ಕಿ, ಊರಿನ ಕೊಂಕಣಿ ಹೆಸರಾದ ಕೊಡಿಯಾಲವನ್ನೇ ಪಡೆಯಿತು. ಅದರ ನೆಂಟಸ್ತಿಕೆ ಆಗ್ನೇಯ ಏಷ್ಯಾದ ಕಪ್ಪೆಗಳ ಕಡೆಗಿದೆ, ಹಡಗಿನ ದಿಮ್ಮಿಗಳ ಜೊತೆ ಬಂದಿಳಿದಿತ್ತೋ ಏನೋ ಎಂಬ ಊಹೆಯೂ ಇದೆ. ಇನ್ನು 2023ರ ಜೂನಿನಲ್ಲಿ ಕುದುರೆಮುಖದ ಬುಡದ ಮಾಳದಲ್ಲಿ, ಕಪ್ಪೆ-ಹಾವು ನೋಡಲು ಹೊರಟಿದ್ದ ಗೆಳೆಯರ ಗುಂಪೊಂದು ರಸ್ತೆ ಬದಿಯ ಹೊಂಡದ ಬಳಿ ನಿಂತಿತು. ನಲವತ್ತರಷ್ಟು ಹೊಂಬೆನ್ನಿನ ಕಪ್ಪೆಗಳಿದ್ದವು. ಒಂದರ ಪಕ್ಕೆಯಿಂದ, ನಂಬಿದರೆ ನಂಬಿ, ಪುಟ್ಟ ಅಣಬೆ ಮೊಳೆತಿತ್ತು! ಚಿತ್ರ ನೋಡಿದ ಅಣಬೆ ತಜ್ಞರು ಅದು ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ ಮೈಸಿನಾ ಕುಲದ್ದೆಂದರು. ಬದುಕಿರುವ ಕಪ್ಪೆಯ ಮೈಮೇಲೆ ಅಣಬೆ ಎದ್ದದ್ದನ್ನು ಮುಂಚೆ ಯಾರೂ ಬರೆದಿಟ್ಟಿರಲಿಲ್ಲ. ಗೆಳೆಯರು ಅದನ್ನು ಹಿಡಿದೊಯ್ಯಲಿಲ್ಲ. ಚಿತ್ರ ತೆಗೆದು ಬಿಟ್ಟರು. ಮುಂದೇನಾಯಿತೆಂದು ಆ ಕಪ್ಪೆಗಷ್ಟೇ ಗೊತ್ತು.

ಮತ್ತೆ ನಮ್ಮ ಜಡ್ಡಿಯ ವಿಚಾರಕ್ಕೆ ಬರುವುದಾದರೆ, ಕುಂಬಾರನಿಗೆ ಬೇಕಾದ್ದು ಬಹಳವಿಲ್ಲ. ತಿಳಿಯಾಗಿ ಹರಿಯುವ ನೀರು, ತಳದಲ್ಲಿ ಮಣ್ಣು, ಮೇಲೆ ಬಾಗಿದ ಕಡ್ಡಿ, ಕತ್ತಲೆ. ಆದರೆ ವರ್ಷವಿಡೀ ನೀರಿರುವ ತಗ್ಗು ಅಡಿಕೆಗೂ ಗದ್ದೆಗೂ ಪ್ರಶಸ್ತ ಜಾಗ. ಮಲೆನಾಡಿನ ಎಷ್ಟೋ ಜಡ್ಡಿಗಳು ತೋಟವಾದದ್ದು ಹೀಗೆ. ಉಳಿದ ಕೆಲವದರ ನೆತ್ತಿಯ ನೀರು ಪೈಪಿನಲ್ಲಿ ಕೆಳಗಿಳಿಯುತ್ತದೆ. ತೋಟದವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಬಾವಿ ಬತ್ತಿದವನಿಗೆ ಕಪ್ಪೆಯ ಮಾತು ರುಚಿಸದು. ಇದೇ ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಏರಿಸಿ ಇಳಿಸಿ 2,000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯ ಜಗ್ಗಾಟ ನಡೆದಿರುವುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅಲ್ಲಿ ಸಿಂಗಳೀಕದ ಹೆಸರು ಕೇಳಿಬರುತ್ತದೆ, ಕಪ್ಪೆಯ ಹೆಸರು ಅಪರೂಪ. ಪ್ರಪಂಚದ 8,011 ಉಭಯವಾಸಿ ಪ್ರಭೇದಗಳ ಸ್ಥಿತಿ ನೋಡಿ 2023ರಲ್ಲಿ 'ನೇಚರ್' ಪ್ರಕಟಿಸಿದ ಅಧ್ಯಯನದ ಪ್ರಕಾರ ಶೇ 40.7ರಷ್ಟು ಅಳಿವಿನ ಅಂಚಿನ ಕಡೆಗಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಅಪಾಯದಲ್ಲಿರುವ ಗುಂಪು ಇನ್ನೊಂದಿಲ್ಲ.

ಕತ್ತಲೆಕಾನಿಗೆ ಎಲ್ಲರೂ ಹೋಗಬೇಕೆಂದು ನಾನು ಹೇಳುವುದಿಲ್ಲ. ಹತ್ತು ಜನರ ಬೂಟು ಹಳ್ಳಕ್ಕಿಳಿದರೆ ಕಡ್ಡಿಗೆ ಮೆತ್ತಿದ ಸಂಸಾರ ಉಳಿಯದು. ಆ ಊರಿನವರು ಅಂದರಲ್ಲ, ಬಚ್ಚಲ ಹಿಂದೆಯೇ ಬೇಕಾದಷ್ಟಿವೆಯೆಂದು, ಅಲ್ಲಿಂದಲೇ ಶುರು ಮಾಡಿ. ಈ ಮಳೆಗಾಲದಲ್ಲಿ ಒಂದು ರಾತ್ರಿ ದೀಪ ಆರಿಸಿ ಹಿತ್ತಲಲ್ಲಿ ನಿಂತು, ಕೇಳಿದ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಊರು, ತಾರೀಖು, ಹೊತ್ತು ಬರೆದು ಇಂಡಿಯಾ ಬಯೊಡೈವರ್ಸಿಟಿ ಪೋರ್ಟಲ್ಲಿಗೆ ಹಾಕಿ. ಸೊಳ್ಳೆಗೆಂದು ಕೈಗೆ ಮುಲಾಮು ಹಚ್ಚಿಕೊಂಡಿದ್ದರೆ ದಯವಿಟ್ಟು ಕಪ್ಪೆಯನ್ನು ಮುಟ್ಟಬೇಡಿ, ಅದು ಉಸಿರಾಡುವುದು ಚರ್ಮದಿಂದಲೂ.